ಕೆರೆಗೊಂದು ನ್ಯಾಯ, ಹೊಳೆಗೊಂದು ನ್ಯಾಯ

ಏಪ್ರಿಲ್, ಮೇ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಪರೀಕ್ಷೆ ಮುಗಿಸಿದ ಮಕ್ಕಳು ಅಜ್ಜಿ ಊರಿಗೆ ಹೋಗಿರುತ್ತಾರೆ, ಅಲ್ಲೊಂದು ಕೆರೆ ಇರುತ್ತದೆ, ಮಾವನೋ ಚಿಕ್ಕಪ್ಪನೋ ಕೈಗೊಂದು ಗಾಳ ಕೊಟ್ಟಿರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಆ ಪತ್ರಗಳು ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಿವೆ. ಮಗ ಹಿಡಿದದ್ದು ಗೆಂಡೆ ಮೀನು, ಅದು ಹೊರದೇಶದ್ದಂತೆ, ಇಲ್ಲಿನ ಮೀನುಗಳನ್ನು ಹಾಳು ಮಾಡುತ್ತದಂತೆ, ತಿರುಗಿ ನೀರಿಗೆ ಬಿಡಲೇಬಾರದಂತೆ, ಹೌದೆ? ಒಬ್ಬ ತಾಯಿ ಬರೆದದ್ದು ಇನ್ನೂ ಮನಸ್ಸಿನಲ್ಲಿದೆ. ಮಗಳು ತಾನು ಹಿಡಿದ ಮರಿಗೆಂಡೆಯನ್ನು ನೀರಿಗೆ ಬಿಡಲು ಹೊರಟಾಗ ಜೊತೆಗಿದ್ದ ಹುಡುಗನೊಬ್ಬ 'ಇದು ಕೆಟ್ಟ ಜಾತಿ ಮೀನು' ಎಂದು ಅದನ್ನು ಕಿತ್ತುಕೊಂಡು ಕಲ್ಲಿಗೆ ಬಡಿದನಂತೆ. ಅವನಿಗೆ ಹಾಗೆ ಹೇಳಿಕೊಟ್ಟವರು ದೊಡ್ಡವರೇ ಇರಬೇಕು. ಪರಿಸರದ ಕಾಳಜಿ ಮಕ್ಕಳ ಬಾಯಲ್ಲಿ ಹೀಗೆ ಹೊರಬರುವುದು ನನಗೆ ಸಂಕಟದ ಸಂಗತಿ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೀನು ಯಾವ ದೇಶದ್ದು ಎನ್ನುವುದಕ್ಕಿಂತ ಅದು ಯಾವ ನೀರಿನಲ್ಲಿದೆ ಎನ್ನುವುದು ಮುಖ್ಯ. ಕೆರೆಯ ಗೆಂಡೆಗೆ ಒಂದು ನ್ಯಾಯ, ಹೊಳೆಯ ಗೆಂಡೆಗೆ ಇನ್ನೊಂದು ನ್ಯಾಯ. ಈ ವ್ಯತ್ಯಾಸ ಹತ್ತು ವರ್ಷದ ಮಕ್ಕಳಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ, ನಾವು ತಾಳ್ಮೆಯಿಂದ ಹೇಳಿದರೆ.

ಹೇಳುವ ಮೊದಲು ಮೀನನ್ನು ಅವರು ಕೈಯಲ್ಲಿ ಹಿಡಿದು ನೋಡಿರಬೇಕು. ಅಕ್ಕನ ಮಕ್ಕಳನ್ನು ಕರೆದುಕೊಂಡು ನಾನು ಕೂರುವುದು ತುಮಕೂರು ಸೀಮೆಯ ಒಂದು ಹಳೆಯ ಕೆರೆಯಲ್ಲಿ, ತೂಬಿನ ಮಗ್ಗುಲಿಗೆ. ಗುತ್ತಿಗೆ ಹಿಡಿದಿರುವ ಮೀನುಗಾರರ ಸಂಘದವರನ್ನು ಕೇಳಿಯೇ ಕೂರುತ್ತೇವೆ. ಕೆರೆ ಊರಿನದಾದರೂ ಅದರಲ್ಲಿ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಹರಾಜಾಗಿರುತ್ತದೆ. ಮರಿ ಬಿಟ್ಟವರು, ಕಾಯ್ದವರು ಬೇರೆ ಇರುತ್ತಾರೆ. 'ಹುಡುಗರು ಎರಡು ಗಾಳ ಹಾಕ್ಕೊಳ್ಲಿ ಬಿಡಿ ಸಾರ್' ಎಂದು ಅವರು ನಗುತ್ತಲೇ ಒಪ್ಪುತ್ತಾರೆ, ಆದರೆ ಆ ಮಾತು ಕೇಳಿಸಿಕೊಂಡು ಕೂರುವುದಕ್ಕೂ ಕದ್ದು ಕೂರುವುದಕ್ಕೂ ಇರುವ ಅಂತರ ಮಕ್ಕಳಿಗೆ ತಿಳಿಯಬೇಕು. ಆಮೇಲೆ ಬಿದಿರು ಕೋಲು, ತಂಗೂಸಿ, ಬೆಂಡು, ಸಣ್ಣದೊಂದು ಸೀಸದ ಗುಂಡು. ಎರೆಹುಳಕ್ಕೆ ಎಲ್ಲ ಮೀನೂ ಬರುತ್ತವೆ. ಗೆಂಡೆಯೇ ಬೇಕೆಂದರೆ ತಂಗಳು ರಾಗಿಮುದ್ದೆಯೇ ಸೈ. ಅದಕ್ಕೆ ಕಡಲೆಕಾಯಿ ಹಿಂಡಿಯ ಪುಡಿ ಬೆರೆಸಿ ನಾದಿ, ಗಾಳದ ಮೊನೆ ಮುಚ್ಚುವ ಹಾಗೆ ಗೋಲಿ ಗಾತ್ರದ ಉಂಡೆ ಕಟ್ಟಿದರೆ ನೀರಿನಲ್ಲಿ ಬೇಗ ಕರಗುವುದಿಲ್ಲ. ಕಾವೇರಿಯಲ್ಲಿ ಬಿಳಿಮೀನಿಗೆ, ಅಂದರೆ ಮಹಶೀರಿಗೆ, ಗಾಳ ಹಾಕಲು ಸಮುದ್ರ ದಾಟಿ ಬರುತ್ತಿದ್ದ ದೊರೆಗಳೂ ಬಳಸುತ್ತಿದ್ದದ್ದು ಬೇಯಿಸಿದ ರಾಗಿ ಉಂಡೆಯನ್ನೇ.

ಗೆಂಡೆ ಕಚ್ಚುವ ಮೀನಲ್ಲ, ಹೀರುವ ಮೀನು. ಮೇವನ್ನು ಬಾಯೊಳಗೆ ಎಳೆದುಕೊಳ್ಳುತ್ತದೆ, ಅನುಮಾನ ಬಂದರೆ ಉಗುಳುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಹಾಗಾಗಿ ಬೆಂಡು ಒಮ್ಮೆಗೇ ಮುಳುಗುವುದಿಲ್ಲ. ನಡುಗುತ್ತದೆ, ಸುಮ್ಮನಾಗುತ್ತದೆ, ಅಡ್ಡ ಮಲಗುತ್ತದೆ, ಆಮೇಲೆ ಓರೆಯಾಗಿ ಜಾರುತ್ತದೆ. ಮಕ್ಕಳು ಮೊದಲ ನಡುಕಕ್ಕೇ ಕೋಲು ಎತ್ತಿಬಿಡುತ್ತಾರೆ. ಕಾಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಗಲಾಟೆಯೂ ಕೂಡದು. ಈ ಮೀನಿನ ಗಾಳಿಚೀಲಕ್ಕೂ ಒಳಗಿವಿಗೂ ನಡುವೆ ಪುಟ್ಟ ಮೂಳೆಗಳ ಒಂದು ಸಾಲು ಇದ್ದು, ನೀರಿನಲ್ಲಿ ಹರಿದುಬರುವ ಸದ್ದನ್ನು ಅದು ನೇರವಾಗಿ ಕಿವಿಗೆ ಮುಟ್ಟಿಸುತ್ತದೆ. ಏರಿಯ ಮೇಲೆ ಧಪಧಪ ಹೆಜ್ಜೆ ಹಾಕಿದರೆ ತಳದಲ್ಲಿರುವುದಕ್ಕೆ ಗೊತ್ತಾಗುತ್ತದೆ.

ಮೀನು ದಡಕ್ಕೆ ಬಂದ ಮೇಲೆ ಕೈ ಒದ್ದೆ ಮಾಡಿಕೊಂಡು ಮುಟ್ಟಬೇಕು, ಒಣ ಕೈಗೆ ಅದರ ಮೈಯ ಲೋಳೆ ಕಿತ್ತುಬರುತ್ತದೆ, ಆ ಲೋಳೆಯೇ ರೋಗ ತಗಲದಂತೆ ಕಾಯುವ ಹೊದಿಕೆ. ಬಾಯಿಯ ಎರಡೂ ಬದಿಗೆ ಎರಡೆರಡು ಮೀಸೆ. ಒಂದು ಜೊತೆ ಗಿಡ್ಡ, ಒಂದು ಜೊತೆ ಉದ್ದ. ಬೆನ್ನಿನ ಮೇಲೆ ಉದ್ದಕ್ಕೂ ಹಬ್ಬಿದ ಈಜುರೆಕ್ಕೆ. ಅದರ ಮುಂದಿನ ಮುಳ್ಳನ್ನು ಬೆರಳಿನಿಂದ ಮೆಲ್ಲಗೆ ಸವರಿದರೆ ಗರಗಸದ ಹಲ್ಲು ಸಿಗುತ್ತದೆ. ಬಲೆಗೆ ಬಿದ್ದ ಗೆಂಡೆಯನ್ನು ಬಿಡಿಸುವವರ ಕೈಗೆ ಗಾಯವಾಗುವುದು ಇದರಿಂದಲೇ. ತುಟಿಯನ್ನು ಹಿಡಿದು ಸ್ವಲ್ಪ ಮುಂದಕ್ಕೆ ತಂದರೆ ಬಾಯಿ ಕೊಳವೆಯಂತೆ ಚಾಚಿಕೊಳ್ಳುತ್ತದೆ. ಅದರೊಳಗೆ ಬೆರಳಿಡಲು ಹೇಳಿದಾಗ ದೊಡ್ಡವನು ಹಿಂದೆ ಸರಿದ, ಸಣ್ಣವಳು ಇಟ್ಟೇಬಿಟ್ಟಳು. 'ಮಾಮ, ಹಲ್ಲೇ ಇಲ್ಲ ಇದಕ್ಕೆ!' ಹಲ್ಲು ಇದೆ, ಆದರೆ ಗಂಟಲಲ್ಲಿ. ಗುಳ್ಳೆ, ಬಸವನಹುಳು, ಕಾಳು ಏನೇ ಸಿಕ್ಕರೂ ಅಲ್ಲಿ ಅರೆದು ನುಂಗುತ್ತದೆ. ಅದೇ ಬುಟ್ಟಿಯಲ್ಲಿ ಕಾಟ್ಲಾ ಇದ್ದರೆ ಪಕ್ಕದಲ್ಲಿಟ್ಟು ತೋರಿಸಿ: ದೊಡ್ಡ ತಲೆ, ಮೇಲಕ್ಕೆ ತಿರುಗಿದ ಬಾಯಿ, ಮೀಸೆ ಇಲ್ಲ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ಗೆಂಡೆ ತಳದ ಕೆಸರಿನಲ್ಲಿ. ಬಾಯಿ ನೋಡಿದರೆ ಊಟದ ಜಾಗ ತಿಳಿಯುತ್ತದೆ ಎಂಬುದು ಪುಸ್ತಕ ಇಲ್ಲದೆ ಮನಸ್ಸಿಗೆ ಹೋಗುವ ಪಾಠ.

ಇಲ್ಲಿಂದ ಮುಂದೆ, ಇದು ಎಲ್ಲಿಂದ ಬಂತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಇಲಾಖೆಯ ಕಾಗದದಲ್ಲಿ ಸಾಮಾನ್ಯ ಗೆಂಡೆ ಎನಿಸಿಕೊಂಡಿರುವ ಈ ಮೀನಿನ ಮೂಲ ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರಗಳನ್ನು ಸೇರುವ ನದಿಗಳು. ಡ್ಯಾನ್ಯೂಬ್ ಅದರ ಹಳೆಯ ಮನೆ. ಯುರೋಪಿನ ಕ್ರೈಸ್ತ ಮಠಗಳು ಇದನ್ನು ಕೊಳಗಳಲ್ಲಿ ಸಾಕಿದವು. ಭಾರತಕ್ಕೆ ಬಂದದ್ದು ಎರಡು ಕಂತಿನಲ್ಲಿ. 1939ರಲ್ಲಿ ಸಿಲೋನಿನಿಂದ ನೀಲಗಿರಿಯ ತಣ್ಣೀರಿಗೆ ಜರ್ಮನ್ ತಳಿ ಬಂತು, 1957ರಲ್ಲಿ ಬ್ಯಾಂಕಾಕಿನಿಂದ ಕಟಕ್‌ಗೆ ಚೀನಾ ತಳಿ ಬಂತು. ಬಯಲುಸೀಮೆಯ ಬಿಸಿನೀರಿಗೆ ಹೊಂದಿಕೊಂಡು ದೇಶವೆಲ್ಲ ಹರಡಿದ್ದು ಎರಡನೆಯದು. ತಂದವರ ಉದ್ದೇಶ ಒಳ್ಳೆಯದೇ ಇತ್ತು. ಸ್ವಾತಂತ್ರ್ಯ ಬಂದ ಹೊಸತು, ಹಳ್ಳಿಯ ತಟ್ಟೆಯಲ್ಲಿ ಪೌಷ್ಟಿಕ ಆಹಾರ ಇರಲಿಲ್ಲ, ಊರೂರಿಗೆ ಕೆರೆ ಇತ್ತು. ಕಾಟ್ಲಾ, ರೋಹು, ಮೃಗಾಲ್ ಬೆಳೆಸಲು ಹೊರಟರೆ ಅವು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಮಳೆಗಾಲದ ಹರಿಯುವ ಹೊಸನೀರು ಬೇಕು. 1957ರ ಜುಲೈನಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುನ್ಹಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಮೊಟ್ಟೆ ಇಡಿಸುವ ದಾರಿ ಕಂಡುಕೊಂಡರು. ಜುಲೈ 10 ದೇಶಕ್ಕೆಲ್ಲ ಮೀನು ಕೃಷಿಕರ ದಿನವಾದದ್ದು ಆ ಕಾರಣಕ್ಕೆ. ಗೆಂಡೆಗೆ ಈ ಉಪಚಾರವೇ ಬೇಕಿರಲಿಲ್ಲ. ನಿಂತ ನೀರಿನಲ್ಲಿಯೇ ಜೊಂಡಿಗೆ ಮೊಟ್ಟೆ ಅಂಟಿಸುತ್ತದೆ, ಕಿಲೋ ತೂಕದ ಹೆಣ್ಣಿಗೆ ಲಕ್ಷಕ್ಕೂ ಮೇಲೆ. ರೈತನಿಗೆ ಇದಕ್ಕಿಂತ ಸುಲಭದ ಮೀನು ಯಾವುದು? ಕರ್ನಾಟಕದಲ್ಲಿ ಅದರ ಮೇಲೆ ಮತ್ತಷ್ಟು ಕೆಲಸ ನಡೆಯಿತು. ಮೊದಲಿನ ತಳಿ ತೀರ ಸಣ್ಣದರಲ್ಲೇ ಮೊಟ್ಟೆಗೆ ಬಂದು ಬೆಳವಣಿಗೆ ಕುಂಠಿತವಾಗುತ್ತಿತ್ತೆಂದು ಹೆಸರಘಟ್ಟದ ಸಂಶೋಧನಾ ಕೇಂದ್ರದವರು ಹಂಗೇರಿಯಿಂದ ಬಂದ ಅಮೂರ್ ತಳಿಯನ್ನು ಬೆಳೆಸಿ ರೈತರಿಗೆ ಮುಟ್ಟಿಸಿದರು.

ಮಕ್ಕಳು ಕೆಟ್ಟದೆಂದು ಬಡಿಯುತ್ತಿರುವ ಮೀನನ್ನು ಕೆರೆಗೆ ಬಿಟ್ಟವರು ನಾವೇ, ಸರ್ಕಾರದ ದುಡ್ಡಿನಲ್ಲಿ, ಒಳ್ಳೆಯದಾಗಲಿ ಎಂದು. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. 'ನಮ್ಮ ದೇಶದ ಮೀನು' ಎಂದು ನಾವು ಪಕ್ಕಕ್ಕೆ ಎತ್ತಿಡುವ ಕಾಟ್ಲಾ, ರೋಹು, ಮೃಗಾಲ್ ಗಂಗಾ ಬಯಲಿನವು. ಕಾವೇರಿಗೂ ತುಂಗಭದ್ರೆಗೂ ಅವು ಹೊರಗಿನವೇ. ಮೀನಿಗೆ ದೇಶದ ಗಡಿ ಇಲ್ಲ, ನದಿಯ ಗಡಿ ಇದೆ. ಒಂದು ನದಿಯ ಮೀನಿಗೆ ಪಕ್ಕದ ನದಿ ಕೂಡ ಪರಸ್ಥಳ.

ಹಾಗಾದರೆ ಗೆಂಡೆಯಿಂದ ಹಾನಿಯೇ ಇಲ್ಲವೆ? ಇದೆ, ಗಂಭೀರವಾಗಿಯೇ ಇದೆ. ತಳದ ಕೆಸರನ್ನು ಬಾಯಿಗೆ ಹೀರಿ ಉಗುಳುವ ಆ ಅಭ್ಯಾಸದಲ್ಲೇ ಎಲ್ಲವೂ ಅಡಗಿದೆ. ಗೆಂಡೆ ತುಂಬಿಕೊಂಡ ಕೊಳದ ತಳ ಹಂದಿ ಹೊಕ್ಕ ಗೆಣಸಿನ ಹೊಲದಂತಾಗುತ್ತದೆ. ನೀರೊಳಗಿನ ಗಿಡಗಳ ಬೇರು ಸಡಿಲವಾಗುತ್ತದೆ, ನೀರು ಕದಡುತ್ತದೆ, ಬಿಸಿಲು ಒಳಗಿಳಿಯುವುದಿಲ್ಲ, ಉಳಿದ ಗಿಡಗಳೂ ಸಾಯುತ್ತವೆ. ಕೆಸರಿನಲ್ಲಿ ಕೂತಿದ್ದ ರಂಜಕ ಮೇಲೆದ್ದು ಪಾಚಿಗೆ ಗೊಬ್ಬರವಾಗುತ್ತದೆ. ಗಿಡಗಳ ನಡುವೆ ಅಡಗಿ ಬೆಳೆಯುತ್ತಿದ್ದ ಸಣ್ಣ ಮೀನುಗಳಿಗೆ ಮರೆ ಇಲ್ಲ, ಕಣ್ಣಿನಿಂದ ನೋಡಿ ಬೇಟೆಯಾಡುವ ಮೀನುಗಳಿಗೆ ಏನೂ ಕಾಣುವುದಿಲ್ಲ. ಆ ಮಂಕು ನೀರಿನಲ್ಲಿ ಮೀಸೆಯಿಂದ ತಡಕಾಡಿ ಬದುಕಬಲ್ಲ ಗೆಂಡೆಗೆ ಮಾತ್ರ ಏನೂ ಕೊರತೆಯಿಲ್ಲ. ಕಾಶ್ಮೀರದ ದಾಲ್ ಸರೋವರದಲ್ಲಿ ಅಲ್ಲಿನ ತಣ್ಣೀರಿನ ಮೀನುಗಳು ಹಿಂದೆ ಸರಿದದ್ದರಲ್ಲಿ, ಮಣಿಪುರದ ಲೋಕ್ತಾಕ್‌ನಲ್ಲಿ ಪೆಂಗ್ಬಾ ಎಂಬ ಮೀನು ಅಪರೂಪವಾದದ್ದರಲ್ಲಿ ಗೆಂಡೆಯ ಪಾಲಿದೆ ಎನ್ನುತ್ತಾರೆ. ಲೋಕ್ತಾಕ್‌ನಲ್ಲಿ ಅಡ್ಡ ಕಟ್ಟಿದ ಇಥಾಯ್ ಬ್ಯಾರೇಜಿನ ಪಾಲೂ ಇದೆ.

ಆಸ್ಟ್ರೇಲಿಯಾದಲ್ಲಿ ಇದು ಅತಿಗೆ ಹೋಯಿತು. 1960ರ ದಶಕದಲ್ಲಿ ಸಾಕಣೆ ಕೊಳದ ತಳಿಯೊಂದು ಮರ್ರೆ ನದಿ ಸೇರಿತು, 1970ರ ದಶಕದ ನೆರೆ ಅದನ್ನು ಆ ಕಣಿವೆಯುದ್ದಕ್ಕೂ ಹಂಚಿತು. ಇಂದು ಮರ್ರೆ–ಡಾರ್ಲಿಂಗ್ ನದಿಗಳ ಕೆಲವು ಭಾಗಗಳಲ್ಲಿ ಮೀನಿನ ಒಟ್ಟು ತೂಕದ ಶೇ 80ಕ್ಕೂ ಹೆಚ್ಚು ಪಾಲು ಇದೊಂದರದೇ. ಕ್ವೀನ್ಸ್‌ಲ್ಯಾಂಡಿನಲ್ಲಿ ಹಿಡಿದ ಗೆಂಡೆಯನ್ನು ನೀರಿಗೆ ತಿರುಗಿ ಬಿಡುವುದು ಕಾನೂನಿಗೆ ವಿರುದ್ಧ. ಗೆಂಡೆ ಹಿಡಿಯುವ ಪಂದ್ಯಗಳಿಗೆ ಅಪ್ಪ ಅಮ್ಮ ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತಾರೆ, ಅಲ್ಲಿ ಹಿಡಿದ ಮೀನು ಸಾಯಲೇಬೇಕು. ಇಂಗ್ಲೆಂಡಿಗೆ ಬಂದರೆ ಇದೇ ಮೀನಿಗೆ ಬೇರೆಯೇ ಮರ್ಯಾದೆ. 1952ರಲ್ಲಿ ರಿಚರ್ಡ್ ವಾಕರ್ ಎಂಬಾತ ರೆಡ್‌ಮೈರ್ ಎಂಬ ಕೊಳದಲ್ಲಿ 44 ಪೌಂಡಿನ, ಅಂದರೆ ಸುಮಾರು 20 ಕಿಲೋದ ಗೆಂಡೆ ಹಿಡಿದ. ಅದನ್ನು ಜೀವಂತವಾಗಿ ಲಂಡನ್ ಮೃಗಾಲಯಕ್ಕೆ ಕಳಿಸಿದರು, ಕ್ಲಾರಿಸಾ ಎಂದು ಹೆಸರಾಯಿತು, 1971ರವರೆಗೆ ಅದು ಅಲ್ಲಿ ಬದುಕಿತು. ಈಗಲೂ ಅಲ್ಲಿನ ಗಾಳಗಾರರು ಗೆಂಡೆಯನ್ನು ಮೆತ್ತನೆಯ ಹಾಸಿನ ಮೇಲೆ ಮಲಗಿಸಿ, ಗಾಳ ತೆಗೆದ ಗಾಯಕ್ಕೆ ಔಷಧಿ ಹಚ್ಚಿ, ಎರಡೂ ಕೈಯಲ್ಲಿ ನೀರಿಗೆ ಇಳಿಸುತ್ತಾರೆ. ಬಿಡದಿದ್ದರೆ ಜೊತೆಯವರೇ ಸಿಟ್ಟಾಗುತ್ತಾರೆ. ಇಂಗ್ಲೆಂಡಿಗೂ ಅದು ಹುಟ್ಟಿನಿಂದ ಬಂದ ಮೀನಲ್ಲ, ಮಧ್ಯಯುಗದಲ್ಲಿ ತಂದದ್ದು. ಎರಡೂ ಕಡೆಯ ಮಕ್ಕಳು ತಾವು ಮಾಡುತ್ತಿರುವುದೇ ಧರ್ಮ ಎಂದು ನಂಬಿ ಬೆಳೆಯುತ್ತಾರೆ. ಆಸ್ಟ್ರೇಲಿಯಾದ ನದಿಯಲ್ಲಿ ನಿಂತು ನೋಡಿದರೆ ಅಲ್ಲಿನ ಮಕ್ಕಳು ಮಾಡುತ್ತಿರುವುದು ಸರಿ. ಗೋಡೆ ಕಟ್ಟಿ ನಿಲ್ಲಿಸಿದ ಇಂಗ್ಲೆಂಡಿನ ಕೊಳದಲ್ಲಿ ನಿಂತು ನೋಡಿದರೆ ಅಲ್ಲಿನವರದೂ ಸರಿ.

ನಮ್ಮ ಕೆರೆ ಯಾವುದಕ್ಕೆ ಹತ್ತಿರ? ಬಯಲುಸೀಮೆಯ ಕೆರೆಗಳೆಲ್ಲ ಮನುಷ್ಯ ಏರಿ ಹಾಕಿ ಕಟ್ಟಿದವು. ಮಳೆ ಕೈಕೊಟ್ಟ ವರ್ಷ ಬತ್ತುತ್ತವೆ, ಬತ್ತಿದಾಗ ಗೆಂಡೆಯೂ ಹೋಗುತ್ತದೆ, ನೀರು ಬಂದ ಮೇಲೆ ಮತ್ತೆ ಮರಿ ಬಿಡುತ್ತಾರೆ. ಆ ಮೀನನ್ನೇ ನಂಬಿ ಬಲೆ ಕೊಂಡ, ತೆಪ್ಪ ಕೊಂಡ, ಗುತ್ತಿಗೆ ಹಣ ಕಟ್ಟಿದ ಬೆಸ್ತರ ಮನೆಗಳಿವೆ. ಸಂತೆಯಲ್ಲಿ ಕಾಟ್ಲಾ ಮುಗಿದ ಮೇಲೆ ಬಡವರ ಚೀಲಕ್ಕೆ ಬೀಳುವುದು ಗೆಂಡೆ, ಇಲ್ಲವೆ ಜಿಲೇಬಿ ಎನ್ನುವ ತಿಲಾಪಿಯಾ ಮೀನು. ಇಂಥ ಕೆರೆಯಲ್ಲಿ ಹುಡುಗಿಯೊಬ್ಬಳು ಹಿಡಿದ ಗೆಂಡೆಯನ್ನು ತಿರುಗಿ ಅದೇ ನೀರಿಗೆ ಬಿಟ್ಟರೆ ಯಾವ ಅನಾಹುತವೂ ಆಗುವುದಿಲ್ಲ. ಮನೆಗೆ ತಂದು ಸಾರು ಮಾಡಿದರೂ ಒಳ್ಳೆಯದೇ. ಮುಳ್ಳು ಜಾಸ್ತಿ, ಬೇಸಿಗೆಯಲ್ಲಿ ಸ್ವಲ್ಪ ಕೆಸರಿನ ವಾಸನೆ. ಕಲ್ಲುಪ್ಪು, ಹುಣಸೆಹಣ್ಣು ಹಚ್ಚಿ ತೊಳೆದು, ಖಾರ ಮುಂದಾಗಿ ಮಾಡಿದರೆ ಮುದ್ದೆಗೆ ಚೆನ್ನಾಗಿ ಹೊಂದುತ್ತದೆ.

ಊರ ಕೆರೆ ಹಾಳಾದುದಕ್ಕೆಲ್ಲ ಗೆಂಡೆಯನ್ನು ಹೊಣೆ ಮಾಡುವುದೂ ನನಗೆ ಒಪ್ಪಿಗೆಯಿಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ಯಾವ ಪರದೇಶಿ ಮೀನಿನಿಂದಲೂ ಅಲ್ಲ, ನೀರಿನಲ್ಲಿ ಉಸಿರಾಡಲು ಆಮ್ಲಜನಕವೇ ಇಲ್ಲದೆ. ಚರಂಡಿ ನೀರು ಹರಿಸಿದ ಕೆರೆಯಲ್ಲಿ ಮೊದಲು ಸಾಯುವುದು ಶುದ್ಧ ನೀರು ಬೇಡುವ ನಮ್ಮ ಪಕ್ಕೆ ಮೀನುಗಳಂಥವು. ಕೊನೆಗೆ ಉಳಿಯುವುದು ಏನನ್ನಾದರೂ ತಡೆಯಬಲ್ಲ ಜಿಲೇಬಿ, ಕ್ಯಾಟ್‌ಫಿಶ್. ಉಳಿದದ್ದನ್ನು ತೋರಿಸಿ 'ಇವೇ ಬೇರೆ ಮೀನುಗಳನ್ನು ತಿಂದವು' ಎನ್ನುವುದು ಅರ್ಧ ಸತ್ಯ. ಮಕ್ಕಳಿಗೆ ಕೆರೆಗೆ ಬೀಳುವ ಚರಂಡಿಯ ಬಾಯನ್ನೂ ತೋರಿಸಬೇಕು.

ಇಷ್ಟು ಹೇಳಿದ ಮೇಲೆ ಕೆರೆಯ ಕೋಡಿಯ ಹತ್ತಿರ ಬರಬೇಕು. ಕೆರೆ ಮುಚ್ಚಿದ ಪಾತ್ರೆಯಾಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಒಳ್ಳೆಯ ಮಳೆಯಾದ ವರ್ಷ ಕೆರೆ ಕೋಡಿ ಬೀಳುತ್ತದೆ, ಊರವರು ಬಾಗಿನ ಕೊಡುತ್ತಾರೆ, ಹುಡುಗರು ಕೋಡಿ ಕೆಳಗೆ ಪಂಚೆ ಹಿಡಿದು ನಿಲ್ಲುತ್ತಾರೆ. ಅವರ ಕೈ ತಪ್ಪಿದ ಮೀನು ಹಳ್ಳಕ್ಕೆ, ಹಳ್ಳದಿಂದ ಕೆಳಗಿನ ಕೆರೆಗೆ, ಕೊನೆಗೆ ಹೊಳೆಗೆ. ನಮ್ಮ ಹಿರಿಯರು ಒಂದರ ಕೆಳಗೊಂದು ಸರಣಿಯಾಗಿ ಕೆರೆ ಕಟ್ಟಿದ ಜಾಣತನವೇ ಮೀನಿಗೆ ದಾರಿಯಾಗಿದೆ. ಹೊಳೆಯ ಲೆಕ್ಕ ಬೇರೆ. 2011ರಲ್ಲಿ ನಿಸರ್ಗ ಸಂರಕ್ಷಣೆಯ ಐಯುಸಿಎನ್ ಸಂಸ್ಥೆ ಪಶ್ಚಿಮ ಘಟ್ಟದ ಸಿಹಿನೀರಿನ ಜೀವಿಗಳ ಲೆಕ್ಕ ತೆಗೆದಾಗ 290 ಜಾತಿಯ ಮೀನುಗಳನ್ನು ಪಟ್ಟಿ ಮಾಡಿತು, ಅವುಗಳಲ್ಲಿ 189 ಜಾತಿ ಭೂಮಿಯ ಮೇಲೆ ಬೇರೆಲ್ಲೂ ಇಲ್ಲದವು. ಕೆರೆಯಲ್ಲಿ ಕಳೆದುಹೋದದ್ದನ್ನು ಮರು ವರ್ಷ ತಂದು ಬಿಡಬಹುದು. ಘಟ್ಟದ ಒಂದು ಹೊಳೆಯಲ್ಲಿ ಕಳೆದದ್ದನ್ನು ತರಲು ಜಗತ್ತಿನಲ್ಲಿ ಇನ್ನೊಂದು ಜಾಗವೇ ಇರುವುದಿಲ್ಲ.

ಇದಕ್ಕೆ ಕಾವೇರಿಯ ಬಿಳಿಮೀನಿಗಿಂತ ದೊಡ್ಡ ಸಾಕ್ಷಿ ಬೇಡ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ 54 ಕಿಲೋದ ಮಹಶೀರ್ ಹಿಡಿದರು. ಬೆನ್ನು ಉಬ್ಬಿದ, ಈಜುರೆಕ್ಕೆಗೆ ಕಿತ್ತಳೆ ಬಣ್ಣವಿದ್ದ ಆ ಮೀನು ಇದ್ದದ್ದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. ಎಪ್ಪತ್ತರ ದಶಕದ ಹೊತ್ತಿಗೆ ಅಣೆಕಟ್ಟು, ಡೈನಮೈಟು, ಮಿತಿಯಿಲ್ಲದ ಬೇಟೆಯಿಂದ ಮಹಶೀರ್ ಇಳಿಮುಖವಾದಾಗ, ಉಳಿಸಬೇಕೆಂಬ ಕಳಕಳಿಯಿಂದ ಲೋನಾವಳದ ಟಾಟಾ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ಮಹಶೀರ್ ಮರಿಗಳನ್ನು ಕಾವೇರಿಗೆ ತಂದು ಬಿಟ್ಟರು. ಅವು ಕೃಷ್ಣೆಯ ಕಣಿವೆಯ, ನೀಲಿ ರೆಕ್ಕೆಯ ಮಹಶೀರ್. ಹೆಸರು ಒಂದೇ, ಮೀನು ಬೇರೆ. ಕಾವೇರಿ ದಂಡೆಯ ಗಾಲಿಬೋರೆಯಲ್ಲಿ ಗಾಳ ಹಾಕಿ ಹಿಡಿದು ಬಿಡುತ್ತಿದ್ದವರು 1998ರಿಂದ 2012ರವರೆಗೆ ಬರೆದಿಟ್ಟ ಪುಸ್ತಕಗಳನ್ನು ವಿಜ್ಞಾನಿಗಳು ತೆರೆದು ನೋಡಿದಾಗ ಕಂಡದ್ದು ಇದು: ನೀಲಿ ರೆಕ್ಕೆಯದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಗಿದೆ, ಉಬ್ಬುಬೆನ್ನಿನದು ಇಳಿಯುತ್ತ ಇಳಿಯುತ್ತ ಸಿಗುವುದೇ ನಿಂತಂತಾಗಿದೆ. ಅದುವರೆಗೆ ಸರಿಯಾದ ವೈಜ್ಞಾನಿಕ ಹೆಸರೂ ಇಲ್ಲದಿದ್ದ ಆ ಮೀನನ್ನು 2018ರಲ್ಲಿ ಟಾರ್ ರೆಮಾದೇವಿ ಎಂದು ಗುರುತಿಸಿದರು, ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿಸಿದರು. ಈಗ ಮೋಯಾರ್ ನದಿಯಂಥ ಕೆಲವೇ ತಾಣಗಳಲ್ಲಿ ಉಳಿದಿದೆ. ಅದರ ಜಾಗಕ್ಕೆ ಬಂದದ್ದು ಡ್ಯಾನ್ಯೂಬಿನ ಮೀನೂ ಅಲ್ಲ, ಆಫ್ರಿಕಾದ್ದೂ ಅಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಬೆಳೆಸಿದ, ನಾವೇ ಪ್ರೀತಿಯಿಂದ ಹೊತ್ತು ತಂದ ಮೀನು. ಪರದೇಶಿ ಎಂಬ ಒಂದೇ ಮಾತಿನಿಂದ ಮಕ್ಕಳಿಗೆ ಪಾಠ ಹೇಳಹೊರಟರೆ ಈ ದುಃಖದ ಕಥೆಗೆ ಅದರಲ್ಲಿ ಜಾಗವೇ ಇರುವುದಿಲ್ಲ.

ಹಾಗಾಗಿ ನಾನು ಮಕ್ಕಳಿಗೆ ಹೇಳುವ ನಿಯಮ ಚಿಕ್ಕದು: ಎಲ್ಲಿ ಹಿಡಿದೆಯೋ ಅಲ್ಲೇ ಬಿಡು, ಇಲ್ಲವೆ ಮನೆಗೆ ತಂದು ತಿನ್ನು, ಬೇರೆ ನೀರಿಗೆ ಮಾತ್ರ ಯಾವತ್ತೂ ಬಿಡಬೇಡ. ಬಕೆಟ್ಟಿನಲ್ಲಿ ನೀರು ತುಂಬಿ ನಾಲ್ಕು ಗೆಂಡೆ ಮರಿ ಹಾಕಿಕೊಂಡು ಮಲೆನಾಡಿನ ಅತ್ತೆ ಮನೆಗೆ ಹೋಗಿ, ಮನೆ ಹಿಂದಿನ ಹಳ್ಳಕ್ಕೆ ಬಿಟ್ಟು 'ಬೆಳೆಯಲಿ' ಎನ್ನುವ ಮಗುವಿನ ಮನಸ್ಸು ಎಷ್ಟು ಒಳ್ಳೆಯದೋ ಆ ಕೆಲಸ ಅಷ್ಟೇ ಅಪಾಯದ್ದು. ಆದರೆ ಘಟ್ಟದ ಹೊಳೆಯಲ್ಲಿ ಈ ಸಾಮಾನ್ಯ ಗೆಂಡೆ ಗಾಳಕ್ಕೆ ಸಿಕ್ಕರೆ ಅಲ್ಲಿಗೂ ತಿರುಗಿ ಬಿಡಬೇಡಿ. ದೇವಸ್ಥಾನದ ಮಡುಗಳಲ್ಲಿ, ಶೃಂಗೇರಿಯಲ್ಲಿ, ಶಿಶಿಲದಲ್ಲಿ, ರಾಮನಾಥಪುರದಲ್ಲಿ ಗಾಳದ ಮಾತೇ ಇಲ್ಲ. ಅಲ್ಲಿ ಮಂಡಕ್ಕಿ ಹಾಕಿ, ಕೈಯ ಹತ್ತಿರಕ್ಕೇ ಬರುವ ಮೀನುಗಳನ್ನು ನೋಡುವುದೇ ಭಾಗ್ಯ.

ಕ್ಯಾಟ್‌ಫಿಶ್‌ನದು ಮಾತ್ರ ಕೆರೆಯಲ್ಲೂ ವಿನಾಯಿತಿ ಇಲ್ಲದ ವಿಷಯ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಆದರೂ ಕದ್ದುಮುಚ್ಚಿ, ಕಸಾಯಿಖಾನೆಯ ತ್ಯಾಜ್ಯ ಹಾಕಿ ಬೆಳೆಸುತ್ತಾರೆ. ಅದು ಗಾಳಿಯಿಂದಲೂ ಉಸಿರಾಡುತ್ತದೆ, ಮಳೆ ಬಂದು ನೆಲ ಒದ್ದೆಯಾದರೆ ತೆವಳಿಕೊಂಡು ಪಕ್ಕದ ಹೊಂಡಕ್ಕೂ ಹೋಗುತ್ತದೆ, ಕಪ್ಪೆಯಿಂದ ಹಿಡಿದು ಬಾಯಿಗೆ ಸಿಕ್ಕಿದ್ದೆಲ್ಲ ಅದಕ್ಕೆ ಊಟ. ಗಾಳಕ್ಕೆ ಸಿಕ್ಕರೆ ನೀರಿಗೆ ಬಿಡಬಾರದು. ಅಕ್ವೇರಿಯಂ ಗಾಜು ತಿಕ್ಕಲು ತರುವ ಸಕ್ಕರ್ ಮೀನಿನದೂ ಇದೇ ಕಥೆ. ಬೆರಳುದ್ದ ಇದ್ದದ್ದು ಮೊಳದುದ್ದ ಬೆಳೆದಾಗ ಜನ ಹತ್ತಿರದ ಕೆರೆಗೆ ಸುರಿಯುತ್ತಾರೆ. ಕಲ್ಲಿನಂಥ ಕವಚದ ಆ ಮೀನು ದಡದ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ, ಬಲೆಗೆ ಬಿದ್ದರೆ ಬಲೆಯನ್ನೇ ಹರಿಯುತ್ತದೆ, ಮಾರಿದರೆ ಕೊಳ್ಳುವವರಿಲ್ಲ. ಮೀನು ಸಾಕಿ ಬೇಸರವಾಗಿದ್ದರೆ ಕೊಂಡ ಅಂಗಡಿಗೆ ವಾಪಸ್ ಕೊಡಿ, ಸಾಕುವ ಗೆಳೆಯರಿಗೆ ಕೊಡಿ.

ಕೊಲ್ಲಬೇಕಾದ ಮೀನನ್ನು ಕೊಲ್ಲುವುದಕ್ಕೂ ಒಂದು ರೀತಿ ಇದೆ. ಕಣ್ಣಿನ ಹಿಂದೆ, ನೆತ್ತಿಯ ಮೇಲೆ ಗಟ್ಟಿ ಕೋಲಿನಿಂದ ಒಂದೇ ಬಲವಾದ ಪೆಟ್ಟು. ಅದನ್ನು ದೊಡ್ಡವರು ಮಾಡಬೇಕು. ದಂಡೆಯ ಬಿಸಿಲಿಗೆ ಎಸೆದು, ಕಿವಿರು ಬಡಿದುಕೊಳ್ಳುತ್ತ ತಾಸುಗಟ್ಟಲೆ ಒದ್ದಾಡುವುದನ್ನು ಮಕ್ಕಳು ಸುತ್ತ ನಿಂತು ನೋಡುವಂತೆ ಬಿಡುವುದು ಪರಿಸರ ಪ್ರೇಮವಲ್ಲ. ಆ ಮೀನು ಯಾರಿಗೂ ದ್ರೋಹ ಮಾಡಿಲ್ಲ. ಯಾರೋ ತಂದು ಸುರಿದ ನೀರಿನಲ್ಲಿ ಬದುಕಲು ನೋಡಿದೆ, ಅಷ್ಟೆ. ನದಿಯ ಹಿತಕ್ಕೆ ಅದನ್ನು ತೆಗೆಯಬೇಕಾಗಬಹುದು, ಆದರೆ ಅದರ ಮೇಲೆ ಹಗೆ ಸಾಧಿಸಬೇಕಾಗಿಲ್ಲ. ಇವೆರಡನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಲು ಮಕ್ಕಳಿಗೆ ಆಗುವುದಿಲ್ಲ ಎಂದು ನನಗೆ ಅನಿಸುವುದಿಲ್ಲ. ಪ್ರೀತಿಯಿಂದ ಸಾಕಿದ ಕೋಳಿಯನ್ನು ಹಬ್ಬಕ್ಕೆ ಕೊಯ್ಯುವ ಮನೆಗಳಲ್ಲಿ ಬೆಳೆದ ಮಕ್ಕಳು ಅವರು.

ಮಳೆಗಾಲ ಹಿಡಿದ ಮೇಲೆ ಊರೂರಿನಲ್ಲಿ ಮೀನುಮರಿ ಬಿಡುವ ಕಾರ್ಯಕ್ರಮಗಳು ನಡೆಯುತ್ತವೆ. ಶಾಮಿಯಾನ ಹಾಕಿ, ಗಣ್ಯರು ಬಂದು, ಪ್ಲಾಸ್ಟಿಕ್ ಚೀಲ ಬಿಚ್ಚಿ ನೀರಿಗೆ ಸುರಿಯುತ್ತಾರೆ. ಕೆಲವು ಕಡೆ ಶಾಲೆಯ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿರುತ್ತಾರೆ. ಕೆರೆಗೆ ಬಿಟ್ಟರೆ ನನಗೆ ಸಂತೋಷವೇ, ಅದು ಬೆಸ್ತರ ಅನ್ನ. ಹೊಳೆಗೆ, ಜಲಾಶಯಕ್ಕೆ ಬಿಡುವಾಗ ಚೀಲದಲ್ಲಿರುವುದು ಯಾವ ಮರಿ, ಆ ಹೊಳೆಯದ್ದೇ ಹೌದೆ ಎಂದು ಕೇಳುವವರು ಬೇಕು. ಕರ್ನಾಟಕಕ್ಕೆ ಅಂತಲೇ ಒಂದು ರಾಜ್ಯ ಮೀನು ಇದೆ, ಕರ್ನಾಟಿಕ್ ಕಾರ್ಪ್. ಅದು ನಮ್ಮ ಘಟ್ಟದ ಹೊಳೆಗಳದೇ ಗೆಂಡೆ. ಕಾಟ್ಲಾ, ಗೆಂಡೆಗಳ ಮರಿ ಬೆಳೆಸಲು ನಾವು ಹಾಕಿರುವ ಶ್ರಮ, ದುಡ್ಡಿನಲ್ಲಿ ಒಂದು ಪಾಲಾದರೂ ಅದಕ್ಕೆ, ಕೊರವಕ್ಕೆ, ಉಬ್ಬುಬೆನ್ನಿನ ಬಿಳಿಮೀನಿಗೆ ಸಿಗಬೇಕೆಂಬುದು ನನ್ನ ಒತ್ತಾಯ. ಮುಂದಿನ ಸಲ ನಿಮ್ಮೂರ ಹೊಳೆ ದಡದಲ್ಲಿ ಅಂಥ ಶಾಮಿಯಾನ ಕಂಡರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಚೀಲ ಬಿಚ್ಚುವ ಮೊದಲು ಬಾಯಿ, ಮೀಸೆ, ಈಜುರೆಕ್ಕೆ ನೋಡಿ ಅದು ಯಾವ ಮೀನೆಂದು ಅವರೇ ಗುರುತಿಸಲಿ. ಅಧಿಕಾರಿಗಳನ್ನು ಅವರೇ ಕೇಳಲಿ.